ಎದೆಯೊಳಗಣ ಕಾವಲುಗಾರ

ದೇಹದ ಬೇನೆಗೆ ವ್ಯಾಧಿಯೆಂದೂ ಮನಸ್ಸಿನ ಬೇನೆಗೆ ಆಧಿಯೆಂದೂ ಸಂಸ್ಕೃತದಲ್ಲಿ ಹೆಸರು. ಎರಡಕ್ಕೂ ನಡುವೆ ‘ವಿ’ ಎಂಬ ಒಂದು ಉಪಸರ್ಗದ ಅಂತರ ಮಾತ್ರ. ಆ ಅಂತರವೆಷ್ಟು ಅಲ್ಪವೆಂಬುದು ಎದೆಯಲ್ಲಿ ವಿದ್ಯುದ್ಯಂತ್ರವನ್ನು ಹೊತ್ತು ಬಾಳುವವರಿಗೂ ಅವರ ಮನೆಯವರಿಗೂ ಚೆನ್ನಾಗಿ ತಿಳಿದಿದೆ.

ಈ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೃದಯದ ಬಡಿತವು ಮಂದವಾದಾಗ ಅದನ್ನು ಮೆಲ್ಲಗೆ ಪ್ರಚೋದಿಸುವುದು ಪೇಸ್‌ಮೇಕರು. 1958ರಲ್ಲಿ ಸ್ವೀಡನ್ ದೇಶದಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದಲ್ಲಿ ಅದನ್ನು ಮೊದಲು ಇಟ್ಟರು. ಆ ಮೊದಲ ಯಂತ್ರವು ಕೆಲವೇ ಗಂಟೆ ನಡೆಯಿತು. ಆದರೆ ಆತನು ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಾಯಿಸಿಕೊಂಡು 2001ರವರೆಗೆ ಬದುಕಿದನು. ಎರಡನೆಯದು ಡಿಫಿಬ್ರಿಲೇಟರು, ಜನರ ಬಾಯಲ್ಲಿ ಐಸಿಡಿ. ತಮ್ಮ ಗುರುವು ಹೃದಯದ ತಾಳ ತಪ್ಪಿ ತೀರಿಕೊಂಡ ದುಃಖದಿಂದ ಡಾಕ್ಟರ್ ಮೀರೋವ್ಸ್ಕಿಯವರು ಇದರ ಚಿಂತನೆಗೆ ತೊಡಗಿದರು. 1980ರ ಫೆಬ್ರವರಿಯಲ್ಲಿ ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ ಮೊದಲ ರೋಗಿಗೆ ಅದನ್ನು ಇಡಲಾಯಿತು. ಹೃದಯದ ಕೆಳಕೋಣೆಗಳು ಬಡಿಯುವುದನ್ನು ಬಿಟ್ಟು ನಡುಗತೊಡಗಿದರೆ ರಕ್ತವು ಮುಂದೆ ಹರಿಯದು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುವುದು. ಅಂಥ ವೇಳೆ ಈ ಯಂತ್ರವು ತಾನಾಗಿಯೇ ವಿದ್ಯುದಾಘಾತವನ್ನು ಕೊಟ್ಟು ತಾಳವನ್ನು ಸರಿಪಡಿಸುತ್ತದೆ.

ಆಧಿಯು ಹುಟ್ಟುವುದು ಇಲ್ಲಿಯೇ. ಎಚ್ಚರವಿರುವಾಗ ಬಂದ ಆಘಾತವು ಎದೆಗೆ ಕುದುರೆ ಒದ್ದಂತಿರುತ್ತದೆಂದು ಅನುಭವಿಸಿದವರ ಮಾತು. ನನ್ನ ಹಳೆಯ ಶಿಷ್ಯನೊಬ್ಬನಿಗೆ ಸ್ನಾನ ಮಾಡುವಾಗ ಹಾಗಾಯಿತು. ಅಂದಿನಿಂದ ಬಚ್ಚಲಿನ ಬಾಗಿಲನ್ನು ಅವನು ಮುಚ್ಚನು. ಹೆಂಡತಿ ಹೊರಗೆ ನಿಂತಿರಬೇಕು. “ಮೇಷ್ಟ್ರೇ, ಸಾವಿಗೆ ಹೆದರುವುದಿಲ್ಲ, ಆ ಏಟಿಗೆ ಹೆದರುತ್ತೇನೆ” ಎಂದನು. ಆಘಾತಕ್ಕೆ ಕಾರಣ ನೀರಲ್ಲ, ಹೃದಯದ ತಾಳ. ಆದರೂ ಮನಸ್ಸು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಮೊದಲು ಸ್ನಾನ, ಆಮೇಲೆ ಮೆಟ್ಟಿಲು, ಬಳಿಕ ಸಂತೆ, ಕಡೆಗೆ ದಾಂಪತ್ಯದ ಸಲಿಗೆ. ಹೀಗೆ ಒಂದೊಂದನ್ನೇ ಬಿಡುತ್ತ ಬದುಕು ಹಾಸಿಗೆಯಷ್ಟಕ್ಕೆ ಕುಗ್ಗುತ್ತದೆ. ಕೆಲವರಿಗೆ ಯಂತ್ರವು ಸುಮ್ಮನಿದ್ದರೂ ನಿದ್ದೆಯಲ್ಲಿ ಏಟು ಬಿದ್ದಂತೆ ಭಾಸವಾಗುವುದುಂಟು. ಇದನ್ನು ವೈದ್ಯರು ಬಲ್ಲರು. ರೋಗಿಗೆ ಹುಚ್ಚೆಂದು ನಗತಕ್ಕದ್ದಲ್ಲ.

ಅಂಜಿಕೆಯನ್ನು ಕಳೆಯಲು ಉಪಾಯವಿಲ್ಲವೇ? ಇದೆ. ಆಘಾತ ಬಂದರೆ ಮಾಡತಕ್ಕುದೇನೆಂಬುದನ್ನು ವೈದ್ಯರಿಂದ ಮೊದಲೇ ಬರೆಯಿಸಿಕೊಂಡು ಗೋಡೆಗೆ ಅಂಟಿಸಿರಿ. ಸಾಮಾನ್ಯವಾಗಿ ಹೇಳುವುದಿಷ್ಟು: ಒಂದೇ ಆಘಾತವಾಗಿ ಮೈ ನೆಟ್ಟಗಿದ್ದರೆ ವೈದ್ಯರಿಗೆ ತಿಳಿಸುವುದು, ಮೇಲಿಂದ ಮೇಲೆ ಬಂದರೆ ಅಥವಾ ತಲೆಸುತ್ತು, ಎದೆನೋವು, ಏದುಸಿರು ಇದ್ದರೆ ಒಡನೆಯೇ ಆಸ್ಪತ್ರೆಗೆ ಹೋಗುವುದು. ಆ ಹೊತ್ತಿನಲ್ಲಿ ರೋಗಿಯನ್ನು ಮುಟ್ಟಿದವರಿಗೆ ಅಲ್ಪ ಜುಮ್ಮೆನಿಸೀತೇ ಹೊರತು ಅಪಾಯವಿಲ್ಲ. ಇದನ್ನು ಗೃಹಿಣಿಯರಿಗೆ ಒತ್ತಿ ಹೇಳಬೇಕು. ಏಕೆಂದರೆ ಎಷ್ಟೋ ಮನೆಗಳಲ್ಲಿ ರೋಗಿಗಿಂತ ಹೆಚ್ಚು ನಿದ್ದೆಗೆಟ್ಟವರು ಅವರೇ. ಯಂತ್ರವು ಕೆಲವೊಮ್ಮೆ ಕಾರಣವಿಲ್ಲದೆಯೂ ಆಘಾತ ಕೊಡುವುದುಂಟು. ಆದರೆ ಅದರ ಲೆಕ್ಕಾಚಾರವನ್ನು ಶಸ್ತ್ರಕ್ರಿಯೆಯಿಲ್ಲದೆ ಹೊರಗಿನಿಂದಲೇ ತಿದ್ದಬಹುದು. ಹಾಗೆ ತಿದ್ದಿದರೆ ಇಂಥ ಆಘಾತಗಳು ಬಹಳ ಕಡಮೆಯಾಗುವುವೆಂದು 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿಕೊಟ್ಟಿತು.

ಅದೇ ವರ್ಷ ಅಮೆರಿಕೆಯ ಹೃದಯ ಸಂಘವು ಈ ರೋಗಿಗಳ ಮನಸ್ಸಿನ ಆರೈಕೆಯನ್ನು ಕುರಿತು ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿತು. ಭಯದ ಯೋಚನೆಗಳನ್ನು ಪರೀಕ್ಷಿಸಲು ಕಲಿಸುವ ಮಾತಿನ ಚಿಕಿತ್ಸೆ, ಮೇಲ್ವಿಚಾರಣೆಯಲ್ಲಿ ಕ್ರಮವಾಗಿ ಹೆಚ್ಚಿಸುವ ವ್ಯಾಯಾಮ, ಇಂಥದೇ ಯಂತ್ರವನ್ನು ಹೊತ್ತವರೊಡನೆ ಸಮಾಲೋಚನೆ ಇವುಗಳಿಂದ ಗುಣವುಂಟು. “ಧೈರ್ಯವಾಗಿರು” ಎಂದು ಬೆನ್ನು ತಟ್ಟುವುದು ಚಿಕಿತ್ಸೆಯಲ್ಲ. ನಾವು ಮೇಷ್ಟ್ರುಗಳು ಲೆಕ್ಕ ಬಾರದ ಹುಡುಗನಿಗೆ “ಗಮನವಿಟ್ಟು ಮಾಡು” ಎಂದು ಹೇಳಿದಷ್ಟೇ ಫಲ ಅದರಿಂದ. ಬಚ್ಚಲಿಗೆ ಹೆದರುವವನು ಮೊದಲ ವಾರ ಬಾಗಿಲನ್ನು ಅರ್ಧ ಮುಚ್ಚಲಿ, ಮರುವಾರ ಪೂರ್ತಿ ಮುಚ್ಚಲಿ. ಹೆಂಡತಿ ಅಡಿಗೆಮನೆಯಲ್ಲಿಯೇ ಇರಲಿ.

ಇನ್ನೊಂದು ಮಾತನ್ನು ಹೇಳಲು ಸಂಕೋಚ, ಹೇಳದಿದ್ದರೆ ಅನ್ಯಾಯ. ವಾಸಿಯಾಗದ ಬೇರೆ ರೋಗದಿಂದಲೋ ಮುಪ್ಪಿನಿಂದಲೋ ಪ್ರಾಣವು ಹೊರಡುವ ಕಾಲದಲ್ಲಿಯೂ ಯಂತ್ರವು ತನ್ನ ಕಾವಲನ್ನು ಬಿಡದೆ ಏಟು ಕೊಡಬಹುದು. ಆ ಆಘಾತದ ಭಾಗವನ್ನು ಮಾತ್ರ ವೈದ್ಯರು ಹೊರಗಿನಿಂದ, ನೋವಿಲ್ಲದೆ, ನಿಲ್ಲಿಸಬಲ್ಲರು. ಅದರಿಂದ ಹೃದಯವು ನಿಲ್ಲುವುದಿಲ್ಲ. ಈ ಪ್ರಶ್ನೆಯನ್ನು ಕಡೆಯ ರಾತ್ರಿಗೆಂದು ಉಳಿಸಿಕೊಳ್ಳದೆ, ಯಜಮಾನನು ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ತನ್ನ ಇಷ್ಟವನ್ನು ತಾನೇ ಹೇಳಬಲ್ಲ ದಿನಗಳಲ್ಲಿಯೇ ಕೇಳಿ, ವೈದ್ಯರಿಗೂ ತಿಳಿಸಿಡತಕ್ಕದ್ದು.