ನಮ್ಮ ಸೀಮೆಯ ಮಾಳಿಗೆಯ ಮನೆ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸುತ್ತಣ ಹಳ್ಳಿಗಳಲ್ಲಿ ಹಳೆಯ ಮಾಳಿಗೆಯ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿರುವವು. ಅವುಗಳ ಸ್ಥಾನದಲ್ಲಿ ಸಿಮೆಂಟಿನ ಮನೆಗಳು ಏಳುತ್ತಿರುವವು. ಹೊಸತನ್ನು ಕಟ್ಟುವದು ದೋಷವಲ್ಲ. ಆದರೆ ಮಣ್ಣಿನ ಮನೆಯು ದಾರಿದ್ರ್ಯದ ಗುರುತೆಂದು ನಾಚಿ ಅದನ್ನು ಕೆಡಹುವದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯವು. ಈ ಶಾಲೆಯಲ್ಲಿ ಕಲಿತುಹೋದ ಸೋದರಿಯರೂ ಮಕ್ಕಳ ತಾಯ್ತಂದೆಗಳೂ ಇದನ್ನು ತುಸು ಆಲೋಚಿಸಬೇಕು.

ಆ ಮನೆಯ ರಚನೆಯನ್ನು ನೋಡಿರಿ. ಕಲ್ಲುಮಣ್ಣುಗಳ ದಪ್ಪ ಗೋಡೆ; ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತೆ; ಅದರ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಮಣ್ಣು; ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಸವುಳು ಮಣ್ಣು. ನಮ್ಮ ಸೀಮೆಯ ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವದುಂಟು. ಬಿಸಿಲಿನ ಕಾವು ಅಷ್ಟು ದಪ್ಪ ಮಣ್ಣನ್ನು ಹಾಯ್ದು ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗುವದು. ಆಗ ಮನೆಯವರು ಮಾಳಿಗೆಯ ಮೇಲೆ ಹಾಸಿಗೆಯನ್ನು ಹಾಸುವರು. ತಗಡಿಗಾಗಲಿ ತೆಳುವಾದ ಸಿಮೆಂಟಿಗಾಗಲಿ ಈ ಗುಣವಿಲ್ಲ.

ಇಂಥ ಜಾಣ್ಮೆಯು ಅನ್ಯದೇಶಗಳಲ್ಲಿಯೂ ಉಂಟು. ಪಾಲೆಸ್ತೀನದ ಒಕ್ಕಲಿಗರು ತೊಲೆ, ಕಡ್ಡಿ, ಮಣ್ಣುಗಳಿಂದಲೇ ಮಾಳಿಗೆಯನ್ನು ಹಾಕಿ ಕಲ್ಲಿನ ಉರುಳೆಯಿಂದ ಗಟ್ಟಿಮಾಡುತ್ತಿದ್ದರು. ಅನೇಕ ಮನೆಗಳಲ್ಲಿ ದನಕರುಗಳೂ ಅದೇ ಸೂರಿನಡಿಯಲ್ಲಿರುತ್ತಿದ್ದವು. ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಕೆಳಗಿಳಿಸಿದ ವೃತ್ತಾಂತವನ್ನು ಮಾರ್ಕನ ಸುವಾರ್ತೆಯಲ್ಲಿ ಓದುವಾಗ, ಬೆಳಕಿಂಡಿಯ ಕೆಳಗೆ ಬೆಳೆದ ನಮ್ಮ ಬಾಲಿಕೆಯರಿಗೆ ವಿವರಣೆಯೇ ಬೇಡ. ಗೋದಲಿ ಎಂಬ ಮಾತೂ ಹಾಗೆಯೇ. ಬಂಗಾಳದಲ್ಲಾದರೋ ಮಳೆಯು ಬಹಳ. ಆದಕಾರಣ ಅಲ್ಲಿ ಎತ್ತರದ ಮಣ್ಣಿನ ಜಗಲಿಯ ಮೇಲೆ ಇಳಿಜಾರಾದ ಹುಲ್ಲಿನ ಛಾವಣಿ. ಪೂರ್ವ ಪಾಕಿಸ್ತಾನದಿಂದ ಬಂದು ಸಿಂಧನೂರಿನ ಬಳಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳ ಹಿರಿಯರು ಬಿಟ್ಟುಬಂದ ಮನೆಗಳು ಅಂಥವೇ. ಆಯಾ ನಾಡಿನ ಮಳೆ ಬಿಸಿಲುಗಳೇ ಮನೆಗೆ ಆಕಾರವನ್ನು ಕೊಡುವವು.

ನಮ್ಮ ಮಾಳಿಗೆಗೆ ಕುಂದುಗಳಿಲ್ಲವೆಂದಲ್ಲ. ಒಳಗೆ ಕತ್ತಲು, ಒಲೆಯ ಹೊಗೆಯು ಹೆಂಗಸರ ಕಣ್ಣನ್ನೂ ಎದೆಯನ್ನೂ ಕೆಡಿಸುವದು, ದನಗಳ ಸಹವಾಸವು ಆರೋಗ್ಯಕರವಲ್ಲ. ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕದಿದ್ದರೆ ಸೋರಿ ಪ್ರಾಣಕ್ಕೇ ಅಪಾಯ. 2009ರ ಅತಿವೃಷ್ಟಿಯಲ್ಲಿ ರಾಯಚೂರು ಜಿಲ್ಲೆಯಲ್ಲಿಯೂ ಮಣ್ಣಿನ ಮನೆಗಳು ಬಹಳ ಬಿದ್ದವು. ಅಂಥ ಮನೆಯನ್ನು ಕಳಕೊಂಡವರು ಸಿಮೆಂಟನ್ನು ಬಯಸಿದರೆ ಅವರನ್ನು ಹಳಿಯುವ ಅಧಿಕಾರವು ಯಾರಿಗೂ ಇಲ್ಲ.

ಆದರೆ ಈ ಕುಂದುಗಳಿಗೆ ಪರಿಹಾರವುಂಟು. ಗೋಡೆಗೆ ಕಿಟಕಿಯನ್ನು ಇಡಬಹುದು, ಹೊಗೆಗೆ ದಾರಿ ಮಾಡಬಹುದು, ಕೊಟ್ಟಿಗೆಯನ್ನು ಹೊರಗೆ ಕಟ್ಟಬಹುದು. ಗಟ್ಟಿಯಾಗಿ ನಿಂತಿರುವ ಮನೆಯನ್ನು ಹೀಗೆ ತಿದ್ದಿದರೆ ಇನ್ನೊಂದು ತಲೆಮಾರು ಬಾಳುವದು. ಹೊಸತನ್ನೇ ಕಟ್ಟುವವರು ದಪ್ಪ ಗೋಡೆಯನ್ನೂ ನೆರಳಿನ ಪಡಸಾಲೆಯನ್ನೂ ಮರೆಯಬಾರದು.

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಕ್ಕೆ ಸರಕಾರದ ರಕ್ಷಣೆಯುಂಟು. ಸವುಳು ಮಣ್ಣು ಎಲ್ಲಿ ದೊರೆಯುವದು, ಅದನ್ನು ಎಷ್ಟು ದಪ್ಪ ಹಾಕಬೇಕು, ನೆಲವನ್ನು ಹೇಗೆ ಸಾರಿಸಬೇಕೆಂಬ ತಿಳಿವಳಿಕೆಗೆ ಅಂಥ ರಕ್ಷಣೆಯಿಲ್ಲ. ಅದು ನಮ್ಮ ಅಜ್ಜಿಯರ ಕೈಯಲ್ಲಿಯೂ ಮುದುಕ ಬಡಿಗರ ಬಾಯಲ್ಲಿಯೂ ಮಾತ್ರವೇ ಇರುವದು. ಬರೆಯಬಲ್ಲ ಹೆಣ್ಣುಮಕ್ಕಳು ಅವರು ಇರುವಾಗಲೇ ಕೇಳಿ ಬರೆದಿಡಲಿ. ವಿದ್ಯೆಯು ತವರುಮನೆಗೆ ತೀರಿಸತಕ್ಕ ಋಣಗಳಲ್ಲಿ ಇದೂ ಒಂದು.