ಟ್ಯಾಂಕಿನ ಹೊಟ್ಟೆ ನೋಡದೆ ಕಂಪ್ರೆಸರ್ ತರಬೇಡಿ

ಅಪ್ಪನ ಮಂಡಿ ಆಪರೇಷನ್ ಆಗಿ ಆರು ತಿಂಗಳಾಯ್ತು. ಈಗ ಚೆನ್ನಾಗೇ ಓಡಾಡ್ತಾರೆ. ಆದರೆ ಕಾಲಲ್ಲಿ ಒತ್ತೋ ಪಂಪಿನಲ್ಲಿ ಗಾಳಿ ಹೊಡೆಯೋಕೆ ಆಗಲ್ಲ. ನಮ್ಮನೇಲಿ ಗಾಳಿ ಕೇಳೋ ಗಾಡಿಗಳು ನಾಲ್ಕು: ನನ್ನ ಸ್ಕೂಟರ್, ತಮ್ಮನ ಬೈಕ್, ಒಂದು ಹಳೇ ಕಾರು ಮತ್ತು ಅಪ್ಪನ ಪ್ರಾಣವಾದ 1984ರ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಅದು. ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿ ಮಾತ್ರ ಇನ್ನೂ ನಮ್ಮ ಮಾರೇನಹಳ್ಳಿ ಮನೆಯ ಶೆಡ್‌ನಲ್ಲಿ ಗುಡುಗ್ತಾ ಇದೆ. (ಜೆ.ಪಿ.ನಗರದ ಕಡೆಯ ಮಾರೇನಹಳ್ಳಿ ಅಲ್ಲ, ವಿಜಯನಗರದ್ದು. ಕೊರಿಯರ್‌ನವರಿಗೆ ಹೇಳಿ ಹೇಳಿ ಅಭ್ಯಾಸವಾಗಿದೆ.)

ರಿಟೈರ್ ಆದ ಮೇಲೆ ಆ ಶೆಡ್ಡೇ ಅಪ್ಪನ ಆಫೀಸು. ಮೂವತ್ತು ವರ್ಷ ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದ ಕೈ, ಸುಮ್ಮನೆ ಕೂರಲ್ಲ. "ಒಂದು ಕಂಪ್ರೆಸರ್ ತರೋಣ ಪುಟ್ಟಿ" ಅಂದ್ರು. ನಾನು ಫೋನ್ ತೆಗೆದು, ಕಾರಿನ ಸಾಕೆಟ್‌ಗೆ ಚುಚ್ಚೋ ಪುಟ್ಟ ಇನ್‌ಫ್ಲೇಟರ್ ತೋರಿಸಿದೆ. ಅಪ್ಪ ಕನ್ನಡಕದ ಮೇಲಿಂದ ನೋಡಿದ ನೋಟ ಈಗಲೂ ನೆನಪಿದೆ. "ಇದರಲ್ಲಿ ಕಾರ್ಬುರೇಟರ್ ಜೆಟ್ ಊದಕ್ಕಾಗತ್ತಾ?"

ಆಗಲ್ಲ. ಹಾಗಾಗಿ ಹುಡುಕಾಟ ಶುರುವಾಯ್ತು.

ಮಾಗಡಿ ರೋಡ್ ಕಡೆ ಯಾರೋ ಗ್ಯಾರೇಜ್ ಮುಚ್ತಿದ್ದಾರೆ, ಬೆಲ್ಟ್ ಹಾಕಿದ ದೊಡ್ಡ ಕಂಪ್ರೆಸರ್ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗತ್ತೆ ಅಂತ ಅಪ್ಪನ ಸ್ನೇಹಿತರು ಹೇಳಿದ್ರು. ಹೋದ್ವಿ. ಹೊಸ ನೀಲಿ ಪೇಂಟ್ ಹೊಡೆದು ಮದುಮಗನ ಹಾಗೆ ನಿಲ್ಲಿಸಿದ್ರು. ಸ್ವಿಚ್ ಹಾಕಿದ್ರೆ ಮೋಟರ್ ಜೋರಾಗಿ ಓಡ್ತು, ಗೇಜಿನ ಮುಳ್ಳು ಮೇಲೇರ್ತು. ನನಗೆ ಅಷ್ಟರಲ್ಲೇ ಒಪ್ಪಿಗೆಯಾಗಿತ್ತು. ಅಪ್ಪನ ಕಣ್ಣಲ್ಲೂ ಆಸೆ ಕಾಣ್ತಿತ್ತು.

ಅಪ್ಪ ಮಷೀನ್ ಆಫ್ ಮಾಡಿಸಿ, ಗಾಳಿ ಇಳಿಸಿ, ಮಂಡಿ ನೋವಲ್ಲೇ ಬಗ್ಗಿ ಟ್ಯಾಂಕಿನ ಕೆಳಗಿನ ಡ್ರೈನ್ ತಿರುಗಿಸಿದ್ರು. ಕಾಫಿ ಡಿಕಾಕ್ಷನ್ ಥರ ಕಂದು ನೀರು ಸುರೀತು. ನಿಲ್ಲಲೇ ಇಲ್ಲ, ಮಗ್‌ಗಟ್ಟಲೆ. ಆಮೇಲೆ ಬಟ್ಟೆ ತಗೊಂಡು ಟ್ಯಾಂಕಿನ ಹೊಟ್ಟೆ ಒರೆಸಿದ್ರು. ಹೊಸ ಪೇಂಟಿನ ಕೆಳಗೆ ರೂಪಾಯಿ ನಾಣ್ಯದಷ್ಟು ಅಗಲಕ್ಕೆ ವೆಲ್ಡಿಂಗ್ ತೇಪೆ.

"ಏನಿಲ್ಲ ಸಾರ್, ಸಣ್ಣ ಲೀಕ್ ಇತ್ತು, ಮಾಡ್ಸಿದ್ದೀವಿ" ಅಂದ್ರು ಅವರು.

ಅಪ್ಪ ಎದ್ದು ಕೈ ಒರೆಸ್ಕೊಂಡು "ಬೇಡಪ್ಪ" ಅಂದ್ರು, ಅಷ್ಟೇ. ದಾರೀಲಿ ನಾನು ಕೇಳಿದ್ದಕ್ಕೆ ಹೇಳಿದ್ರು: "ಒಂದು ಕಡೆ ತೂತಾಗಿದೆ ಅಂದ್ರೆ ಸುತ್ತಲೂ ಒಳಗಿಂದ ತಿಂದಿದೆ ಅಂತ. ತೇಪೆ ಹಾಕಿದ ಜಾಗ ಗಟ್ಟಿ, ಪಕ್ಕದ ತಗಡು ಹಪ್ಪಳ. ಮೋಟರ್ ಕೆಟ್ರೆ ದುಡ್ಡು ಹೋಗತ್ತೆ. ಟ್ಯಾಂಕ್ ಹೋದ್ರೆ ಪಕ್ಕದಲ್ಲಿರೋರು ಹೋಗ್ತಾರೆ."

ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. ಸಾಮಾನ್ಯವಾಗಿ ಇಂಥ ಟ್ಯಾಂಕಿನೊಳಗೆ 8 ಬಾರ್ ಒತ್ತಡ ಇರತ್ತೆ, ಅಂದ್ರೆ ಸುಮಾರು 116 ಪಿಎಸ್‌ಐ. ಒಂದು ಅಂಗೈಯಷ್ಟು ಜಾಗದ ಮೇಲೆ ಸುಮಾರು 800 ಕೆಜಿ ತಳ್ಳಿದ ಹಾಗೆ. ಅದರ ಪಕ್ಕದಲ್ಲೇ ಅಪ್ಪ ದಿನವಿಡೀ ಸ್ಟೂಲ್ ಹಾಕ್ಕೊಂಡು ಕೂರ್ತಾರೆ. ಶೆಡ್ ಮೇಲೇ ನಮ್ಮ ಅಡುಗೆಮನೆ. ನಿದ್ದೆ ಬರಲಿಲ್ಲ.

ಮುಂದಿನ ಶನಿವಾರ ಎಸ್.ಜೆ.ಪಿ. ರೋಡಿಗೆ ಹೋಗಿ ಹೊಸದೇ ನೋಡಿದ್ವಿ. ಅಲ್ಲಿ ಕಲಿತದ್ದನ್ನ ನಿಮಗೂ ಹೇಳ್ತೀನಿ.

ಮೊದಲು, ಏನು ಕೆಲಸಕ್ಕೆ ಅಂತ ತೀರ್ಮಾನ ಮಾಡ್ಕೊಳ್ಳಿ. ಟಯರಿಗೆ ಗಾಳಿ, ಧೂಳು ಊದೋದು, ಜೆಟ್ ಕ್ಲೀನ್ ಮಾಡೋದು ಇಷ್ಟೇ ಆದರೆ ಚಿಕ್ಕ ಮಷೀನ್ ಸಾಕು. ಪೇಂಟ್ ಹೊಡೆಯೋ ದೊಡ್ಡ ಸ್ಪ್ರೇ ಗನ್‌ಗೆ 8ರಿಂದ 12 ಸಿಎಫ್‌ಎಂ ಗಾಳಿ ಬೇಕಾಗಬಹುದು, ಮನೆ ಕಂಪ್ರೆಸರ್ ಏದುಸಿರು ಬಿಡತ್ತೆ. ಯೆಜ್ಡಿ ಟ್ಯಾಂಕಿಗೆ ನಾನೇ ಪೇಂಟ್ ಮಾಡ್ತೀನಿ ಅಂತ ಅಪ್ಪನಿಗೆ ಹಟ ಇತ್ತು. ಗಾಡಿ ಪೇಂಟಿನ ಹೊಗೆ ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮೇಲೆ ಅಮ್ಮನಿಗೆ ವೀಜಿಂಗ್ ಇದೆ ಅಂದ್ಮೇಲೆ ಬಿಟ್ಟುಕೊಟ್ರು. ಹತ್ತು ವರ್ಷಕ್ಕೊಂದು ಸಲದ ಕೆಲಸಕ್ಕೆ ದೊಡ್ಡ ಮಷೀನ್ ಬೇಕಿರಲಿಲ್ಲ.

ಎರಡನೇದು, ಎಚ್‌ಪಿ ನೋಡಿ ಮರುಳಾಗಬೇಡಿ. ಡಬ್ಬದ ಮೇಲೆ ಬರೆದ ಸಿಎಫ್‌ಎಂ ಎಷ್ಟೋ ಸಲ ಪಂಪ್ ನುಂಗೋ ಗಾಳಿಯ ಲೆಕ್ಕ. ಹೊರಗೆ ಕೊಡೋದು ಅದಕ್ಕಿಂತ ಕಡಿಮೆ. "ಎಫ್‌ಎಡಿ ಎಷ್ಟು?" ಅಂತ ಕೇಳಿ. ನಂಬಿಕೆ ಬರಲಿಲ್ಲವಾ, ಫೋನಿನ ಸ್ಟಾಪ್‌ವಾಚ್ ತೆಗೀರಿ. 50 ಲೀಟರ್ ಟ್ಯಾಂಕ್ ಖಾಲಿಯಿಂದ 8 ಬಾರ್ ತುಂಬಿದ್ರೆ 400 ಲೀಟರ್ ಗಾಳಿ ಒಳಗೆ ಹೋಗಿದೆ ಅಂತ. ನಾಲ್ಕು ನಿಮಿಷ ಹಿಡಿದ್ರೆ ನಿಮಿಷಕ್ಕೆ 100 ಲೀಟರ್, ಅಂದ್ರೆ ಸುಮಾರು ಮೂರೂವರೆ ಸಿಎಫ್‌ಎಂ. ಅಂಗಡಿಯವರು ನನ್ನ ಈ ಪರೀಕ್ಷೆ ನೋಡಿ ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಮೂರನೇದು ಸದ್ದು. ನಮ್ಮದು ತರ್ಟಿ ಫಾರ್ಟಿ ಸೈಟು, ಪಕ್ಕದ ಮನೆ ಗೋಡೆಗೆ ಗೋಡೆ, ಅಲ್ಲಿ ಪುಟ್ಟ ಮಗು. ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲಲ್ಲಿ 55 ಡೆಸಿಬಲ್, ರಾತ್ರಿ ಹತ್ತರ ಮೇಲೆ 45. ನಿಮಿಷಕ್ಕೆ 2800 ಸುತ್ತು ತಿರುಗೋ ಮೋಟರ್ ಕಿವಿ ತೂತು ಮಾಡತ್ತೆ. 1400 ಸುತ್ತಿನದ್ದು ಎಷ್ಟೋ ಮೃದು. ಆಯಿಲ್ ಹಾಕೋ ಮಷೀನ್ ಬಾಳಿಕೆ ಬರತ್ತೆ, ಆದರೆ ಆಯಿಲ್ ನೋಡ್ತಾ, ಬದಲಾಯಿಸ್ತಾ ಇರಬೇಕು. ಆಯಿಲ್‌ಫ್ರೀಗೆ ಆ ರಗಳೆ ಇಲ್ಲ, ಆದರೆ ಗಂಟೆಗಟ್ಟಲೆ ಬಿಡದೆ ಓಡಿಸಬಾರದು. ನಾವು ಆಯಿಲ್‌ಫ್ರೀ ತಗೊಂಡ್ವಿ: 50 ಲೀಟರ್, 1400 ಸುತ್ತು, ತಾಮ್ರದ ವೈಂಡಿಂಗ್.

ನಾಲ್ಕನೇದು ಕರೆಂಟು. 2 ಎಚ್‌ಪಿ ಅಂದ್ರೆ ಸುಮಾರು 1500 ವ್ಯಾಟ್, ಸ್ಟಾರ್ಟ್ ಆಗುವಾಗ ಎಳೆಯೋದು ಅದರ ಹಲವು ಪಟ್ಟು. 16 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ಅಂತ ಒಮ್ಮೆ ನೋಡಿ. ಉದ್ದದ ತೆಳು ಎಕ್ಸ್‌ಟೆನ್ಷನ್ ವೈರ್ ಹಾಕಿದ್ರೆ ವೋಲ್ಟೇಜ್ ಬಿದ್ದು ಮೋಟರ್ ಕಾಯತ್ತೆ. ವೈರ್ ಬದಲು ಗಾಳಿಯ ಪೈಪ್ ಉದ್ದ ಮಾಡ್ಕೊಳ್ಳಿ.

ಕೊನೇದೇ ಮುಖ್ಯ. ಕೊಳ್ಳುವ ಮುಂಚೆ ಗಾಳಿ ತುಂಬಿಸಿ, ಮಷೀನ್ ತಾನಾಗೇ ನಿಲ್ಲತ್ತಾ ನೋಡಿ. ಸೇಫ್ಟಿ ವಾಲ್ವಿನ ರಿಂಗ್ ಎಳೆದ್ರೆ ಬುಸ್ ಅನ್ನಬೇಕು. ಸ್ಪೇರ್ ಮತ್ತು ಸರ್ವಿಸ್ ಊರಲ್ಲೇ ಸಿಗತ್ತಾ ಕೇಳಿ. ಸೆಕೆಂಡ್‌ಹ್ಯಾಂಡ್ ಆದರೆ, ಟ್ಯಾಂಕಿನ ಮೇಲೆ ತೇಪೆ ಕಂಡ ಕ್ಷಣ ಎದ್ದು ಬನ್ನಿ, ಎಷ್ಟೇ ಅಗ್ಗ ಆಗಿರಲಿ.

ಗಾಳಿಯಲ್ಲಿರೋ ತೇವ ಒತ್ತಡಕ್ಕೆ ನೀರಾಗಿ ಟ್ಯಾಂಕಿನ ತಳದಲ್ಲಿ ಕೂರತ್ತೆ. ಹೊಸ ಮಷೀನಿನಲ್ಲೂ ಕೂರತ್ತೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಫ್ಯಾಕ್ಟರಿಗೆ ಹೊಸದಾಗಿ ಸೇರಿದಾಗ ಅಪ್ಪನಿಗೆ ಕೊಟ್ಟ ಮೊದಲ ಕೆಲಸವೇ ದಿನಾ ಬೆಳಿಗ್ಗೆ ಆ ನೀರು ಬಿಡೋದಂತೆ. ಈಗ ಬಗ್ಗೋಕೆ ಅವರ ಮಂಡಿ ಬಿಡಲ್ಲ. ಆ ಡ್ಯೂಟಿ ನನ್ನದು.

ಭಾನುವಾರ ಸಂಜೆ ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಗಾಳಿ ಇಳಿಸಿ, ಡ್ರೈನ್ ತಿರುಗಿಸ್ತೀನಿ. ಅಪ್ಪ ಸ್ಟೂಲ್ ಮೇಲಿಂದಲೇ "ಯಾವ ಬಣ್ಣ?" ಅಂತ ಕೇಳ್ತಾರೆ.

"ಬಿಳಿ ಅಪ್ಪಾ, ಬರೀ ನೀರು."

"ಹಾಂ, ಸರಿ. ಮುಚ್ಚು."

ನಿಮ್ಮನೇಲೂ ಹಳೇ ಕಂಪ್ರೆಸರ್ ಇದ್ರೆ ಇವತ್ತೇ ಆ ಡ್ರೈನ್ ತಿರುಗಿಸಿ ನೋಡಿ. ಡಿಕಾಕ್ಷನ್ ಬಂದ್ರೆ ಮತ್ತೆ ಸ್ವಿಚ್ ಹಾಕಬೇಡಿ, ಬಲ್ಲವರಿಗೆ ತೋರಿಸಿ.