ಹುಲಿ ಲಂಡನ್ನಿನಲ್ಲಿದೆ, ಅಂಗಡಿಯ ಲೆಕ್ಕ ಯಾರ ಬಳಿ ಇದೆ?

ಟಿಪ್ಪುವಿನ ಮರದ ಹುಲಿಯನ್ನು ಬ್ರಿಟನ್ ವಾಪಸ್ ಕೊಡಬೇಕೇ? ನಮ್ಮ ಮೂಡಿಗೆರೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಈ ಮಾತು ತೆಗೆದರೆ, ಅದು ಟಿಪ್ಪು ಪರ-ವಿರೋಧದ ಜಗಳದಲ್ಲೇ ಮುಗಿಯುತ್ತದೆ. ನನ್ನ ಉತ್ತರ ಸರಳ: ಕೊಡಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಅರಮನೆಯಿಂದ ಹೊತ್ತೊಯ್ದ ವಸ್ತು ಅದು. ಟಿಪ್ಪು ನಿಮಗೆ ಇಷ್ಟವಾಗಲಿ ಬಿಡಲಿ, ಲೂಟಿ ಲೂಟಿಯೇ.

ಆದರೆ ಕೇಳಿದ ತಕ್ಷಣ ಕೊಡ್ತಾರಾ? ಹುಲಿ ಇರುವುದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಕೆಲವೇ ವಿನಾಯಿತಿ ಬಿಟ್ಟರೆ, ಸಂಗ್ರಹದ ವಸ್ತುಗಳನ್ನು ಹೊರಗೆ ಕೊಡದಂತೆ 1983ರ ಬ್ರಿಟಿಷ್ ಕಾನೂನು ಅಲ್ಲಿನ ಟ್ರಸ್ಟಿಗಳ ಕೈ ಕಟ್ಟಿದೆ. 1970ರ ಯುನೆಸ್ಕೊ ಒಪ್ಪಂದ ಅದಕ್ಕೂ ಹಿಂದಿನ ಲೂಟಿಗೆ ಅನ್ವಯಿಸುವುದಿಲ್ಲ. ಉಳಿದಿರುವುದು ನೈತಿಕ ಒತ್ತಡ ಮಾತ್ರ. ಅದಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಆ ಕಾನೂನಿನ ಕಟ್ಟಿಲ್ಲದ ಗ್ಲಾಸ್ಗೋ ನಗರದ ಮ್ಯೂಸಿಯಂಗಳು 2022ರಲ್ಲಿ ಭಾರತದ 7 ವಸ್ತುಗಳನ್ನು ಮರಳಿಸಲು ಒಪ್ಪಿಕೊಂಡವು.

ಇನ್ನೊಂದು ಪ್ರಕರಣ ನೋಡಿ. ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದಿಂದ ಕಳವಾದ ನಟರಾಜ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿದ್ದ. 2014ರಲ್ಲಿ ವಾಪಸ್ ಬಂದ. ಅವನು ನಮ್ಮವನೇ ಎಂದು ಸಾಬೀತುಪಡಿಸಿದ್ದು ಭಾಷಣವಲ್ಲ, ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಫೋಟೊ.

ಈಗ ನಮ್ಮ ಮನೆಬಾಗಿಲಿಗೆ ಬನ್ನಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ವಸಂತಿಕಾ ದೇವಿಯ ಗುಡಿ, ಹಳೆಯ ಬಸದಿಗಳು, ಶಿಥಿಲಗೊಂಡ ದೇವಸ್ಥಾನಗಳು ಅಲ್ಲಿವೆ. ಹೋದಾಗಲೆಲ್ಲ ನನಗೊಂದೇ ಅಳುಕು: ಇಲ್ಲಿನ ಒಂದು ವಿಗ್ರಹ ನಾಳೆ ಕಾಣೆಯಾಗಿ, ಹತ್ತು ವರ್ಷದ ಮೇಲೆ ಯಾವುದೋ ವಿದೇಶಿ ಹರಾಜಿನಲ್ಲಿ ಕಂಡರೆ, ಇದು ನಮ್ಮದು ಅಂತ ಏನನ್ನು ತೋರಿಸ್ತೀವಿ?

ಹಾಗಾಗಿ ಹುಲಿಯನ್ನು ಕೇಳುತ್ತಲೇ ಇರೋಣ. ಜೊತೆಗೆ, ಅಂಗಡಿಯಿಂದ ಕಳಸದವರೆಗೆ ಪ್ರತಿ ಗುಡಿ, ಬಸದಿ, ವೀರಗಲ್ಲಿನ ಫೋಟೊ, ಅಳತೆ, ಜಾಗ ದಾಖಲಾಗಲಿ. ಒಂದು ಪ್ರತಿ ಪಂಚಾಯಿತಿಯಲ್ಲಿರಲಿ, ಇನ್ನೊಂದು ಪುರಾತತ್ವ ಇಲಾಖೆಯಲ್ಲಿ. ಪ್ರತಿ ಹುಡುಗರ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಇದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಹುಲಿ ಎಲ್ಲಿಂದ ಹೋಯಿತು ಅನ್ನುವುದನ್ನು ಲೂಟಿ ಹೊಡೆದವರೇ ಬರೆದಿಟ್ಟಿದ್ದರು. ಇಂದಿನ ಕಳ್ಳ ಬರೆದಿಡುವುದಿಲ್ಲ. ನಾವೇ ಬರೆದಿಡಬೇಕು.